ದಡ ಮರೆಯಾದ ಮೇಲೆ ಸಿಗುವ ಸಿಗ್ನಲ್: ಹಡಗಿನಿಂದ ಮನೆಗೆ ಮಾತು ಏಕಿಷ್ಟು ದುಬಾರಿ?

ಪ್ರವಾಸಿ ಹಡಗುಗಳ ಬಗ್ಗೆ ಈಚಿನ ವರ್ಷಗಳಲ್ಲಿ ಮೂರು ಬಗೆಯ ಸುದ್ದಿಗಳು ಓದಲು ಸಿಗುತ್ತಿವೆ. ವಿದೇಶಿ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡೇ ಕ್ರೂಸ್ ಹತ್ತಿದವರಿಗೆ, ಮರಳಿದ ಮೇಲೆ ಹೌಹಾರುವಂಥ ಮೊಬೈಲ್ ಬಿಲ್ ಬಂತು ಎಂಬುದು ಮೊದಲನೆಯದು. ನಡುಸಮುದ್ರದಲ್ಲೂ ಈಗ ವಿಡಿಯೊ ಕರೆ ಸರಾಗ, ಉಪಗ್ರಹಗಳ ಮೂಲಕ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್‌ಗೆ ಭಾರತದಲ್ಲೂ ಪರವಾನಗಿ ಸಿಕ್ಕಿತು ಎಂಬುದು ಎರಡನೆಯದು. ಹಡಗಿನ ಸಿಬ್ಬಂದಿಗೆ ಇಂಟರ್ನೆಟ್ ಒದಗಿಸಬೇಕೆನ್ನುವ ಅಂತಾರಾಷ್ಟ್ರೀಯ ತಿದ್ದುಪಡಿ 2024ರ ಡಿಸೆಂಬರ್ 23ರಂದು ಜಾರಿಗೆ ಬಂತು ಎಂಬುದು ಮೂರನೆಯದು.

ಮೂರನ್ನೂ ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ತಂತ್ರಜ್ಞಾನ ಅಷ್ಟು ಸುಧಾರಿಸಿದ್ದರೆ ಬಿಲ್ ಏಕೆ ಬರುತ್ತದೆ? ಪ್ಯಾಕ್ ಇದ್ದರೂ ಹಣ ಏಕೆ ಕಡಿತವಾಗುತ್ತದೆ? ಸಿಬ್ಬಂದಿಗೆ ಹಕ್ಕು ಸಿಕ್ಕಿದ್ದರೆ, ಮಗ ಇಂದಿಗೂ ವಾರಕ್ಕೊಮ್ಮೆ ಮಾತ್ರ ಫೋನ್ ಮಾಡುತ್ತಾನೆ ಎಂದು ಮಂಗಳೂರಿನದೋ ಕಾರವಾರದ್ದೋ ಮನೆಯೊಂದರಲ್ಲಿ ತಾಯಿ ಏಕೆ ಕಾಯಬೇಕು? ಇವೆಲ್ಲದರ ಬೇರು ಒಂದೇ ಕಡೆ ಇದೆ. ಕಡಲಿನ ಮೇಲೆ ಫೋನ್ ಯಾರ ಜಾಲಕ್ಕೆ ಸೇರುತ್ತದೆ, ಆ ಜಾಲದ ದರವನ್ನು ಪ್ರಶ್ನಿಸುವ ಅಧಿಕಾರ ಯಾರಿಗಿದೆ ಎಂಬಲ್ಲಿ.

ಒಂದೇ ಪರದೆ, ಮೂರು ಜಾಲ

ಹಡಗಿನಲ್ಲಿರುವ ಫೋನ್ ಮೂರು ದಾರಿಗಳಲ್ಲಿ ಹೊರಜಗತ್ತನ್ನು ಮುಟ್ಟಬಲ್ಲದು. ಹಡಗು ಬಂದರಿನಲ್ಲೋ ದಡದ ಸಮೀಪವೋ ಇದ್ದಾಗ ದಡದ ಮೊಬೈಲ್ ಟವರ್‌ಗಳು ಸಿಗುತ್ತವೆ. ಇದು ನಾವೆಲ್ಲ ಬಲ್ಲ ಸಾಮಾನ್ಯ ಜಾಲ. ದಡ ದೂರವಾದಂತೆ ಅದು ಕ್ಷೀಣಿಸಿ ಇಲ್ಲವಾಗುತ್ತದೆ. ಎರಡನೆಯದು ಹಡಗಿನ ಒಳಗೇ ಇರುವ ಮೊಬೈಲ್ ಜಾಲ. ಪಡಸಾಲೆಗಳ ಉದ್ದಕ್ಕೂ, ಊಟದ ಸಭಾಂಗಣಗಳಲ್ಲಿ ಚಿಕ್ಕ ಚಿಕ್ಕ ಆಂಟೆನಾಗಳನ್ನು ಕೂರಿಸಿರುತ್ತಾರೆ. ಅವು ಪುಟ್ಟ ಟವರ್‌ಗಳಂತೆ ಕೆಲಸ ಮಾಡಿ, ಕರೆಯನ್ನೂ ಡೇಟಾವನ್ನೂ ಉಪಗ್ರಹಕ್ಕೆ ಕಳುಹಿಸುತ್ತವೆ. ಮೂರನೆಯದು ಹಡಗಿನ ವೈಫೈ. ಇದೂ ಉಪಗ್ರಹದ ಮೂಲಕವೇ ಹೋಗುತ್ತದೆ, ಆದರೆ ಇದಕ್ಕೆ ಹಡಗಿನ ಕಂಪನಿ ಪ್ರತ್ಯೇಕ ಪ್ಯಾಕೇಜ್ ಮಾರುತ್ತದೆ.

ಬಿಲ್‌ನ ಅನಾಹುತ ಆಗುವುದು ಎರಡನೆಯ ಜಾಲದಲ್ಲಿ. ವೈಫೈಗೆ ಸೇರಬೇಕಾದರೆ ಪ್ರಯಾಣಿಕ ತಾನಾಗಿ ಹಣ ಕಟ್ಟಿ ಒಳಹೋಗಬೇಕು, ಆದ್ದರಿಂದ ಎಷ್ಟು ಖರ್ಚಾಯಿತು ಎಂಬುದು ಮೊದಲೇ ತಿಳಿದಿರುತ್ತದೆ. ಹಡಗಿನ ಮೊಬೈಲ್ ಜಾಲ ಹಾಗಲ್ಲ. ದಡದ ಟವರ್ ಕೈಬಿಟ್ಟೊಡನೆ ಫೋನ್ ಇನ್ನೊಂದು ಜಾಲವನ್ನು ಹುಡುಕುತ್ತದೆ. ರೋಮಿಂಗ್ ಚಾಲೂ ಇದ್ದರೆ, ಹಡಗಿನ ಜಾಲ ಎದುರಾದ ತಕ್ಷಣ ಯಾರನ್ನೂ ಕೇಳದೆ ಅದಕ್ಕೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ಮೊದಲಿನಂತೆಯೇ ನಾಲ್ಕು ಗೆರೆಗಳು ಕಾಣುತ್ತವೆ. ಮೂಲೆಯ ಸಣ್ಣ ಅಕ್ಷರದಲ್ಲಿ ಹೆಸರೊಂದು ಬದಲಾಗಿರುತ್ತದೆ, ಅಷ್ಟೇ. ರಜೆಯ ಸಂಭ್ರಮದಲ್ಲಿರುವ ಯಾರ ಕಣ್ಣಿಗೂ ಅದು ಸುಲಭಕ್ಕೆ ಬೀಳುವುದಿಲ್ಲ.

ದಡದ ಹತ್ತಿರ ಹಡಗಿನ ಜಾಲವನ್ನು ನಿಲ್ಲಿಸಬೇಕೆಂಬ ನಿಯಮಗಳಿವೆ. ಬಹಳಷ್ಟು ಕಡೆ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆಯೇ ಅದನ್ನು ಚಾಲೂ ಮಾಡುತ್ತಾರೆ. ಯುರೋಪಿನಲ್ಲಿ ಇದು ಇನ್ನೂ ಸೂಕ್ಷ್ಮ. 2010ರ ನಿಯಮದ ಪ್ರಕಾರ ಅಲ್ಲಿ 2 ನಾಟಿಕಲ್ ಮೈಲಿನೊಳಗೆ ಮಾತ್ರ ಸಂಪೂರ್ಣ ನಿಷೇಧ. 2ರಿಂದ 12 ಮೈಲಿನ ನಡುವೆ ಒಳಾಂಗಣ ಆಂಟೆನಾಗಳನ್ನು ಷರತ್ತುಗಳೊಂದಿಗೆ ಬಳಸಬಹುದು. ಹಾಗಾಗಿ ಇಟಲಿಯ ಕರಾವಳಿಯ ಮನೆಗಳು ಬರಿಗಣ್ಣಿಗೆ ಕಾಣುತ್ತಿರುವಾಗಲೂ, ಉಕ್ಕಿನ ಗೋಡೆಗಳ ನಡುವಿನ ಕೋಣೆಯಲ್ಲಿ ಕುಳಿತವರ ಫೋನ್ ಹಡಗಿನ ಉಪಗ್ರಹ ಜಾಲದಲ್ಲಿರಬಹುದು. ದಡ ಕಾಣುತ್ತಿದೆ, ಆದ್ದರಿಂದ ದಡದ ದರವೇ ಅನ್ವಯವಾಗುತ್ತದೆ ಎಂಬ ಲೆಕ್ಕಾಚಾರ ತಪ್ಪುವುದು ಇಲ್ಲಿಯೇ.

ಯಾವ ದೇಶಕ್ಕೂ ಸೇರದ ಸಂಖ್ಯೆ

ರೋಮಿಂಗ್ ಪ್ಯಾಕ್ ಏಕೆ ಕೆಲಸಕ್ಕೆ ಬರುವುದಿಲ್ಲ ಎಂಬುದಕ್ಕೆ ಉತ್ತರ ಒಂದು ಮೂರಂಕಿಯ ಸಂಖ್ಯೆಯಲ್ಲಿದೆ. ಜಗತ್ತಿನ ಪ್ರತಿ ಮೊಬೈಲ್ ಜಾಲಕ್ಕೂ ಅದರ ದೇಶವನ್ನು ಸೂಚಿಸುವ ಸಂಕೇತವಿರುತ್ತದೆ. ಭಾರತದ್ದು 404 ಮತ್ತು 405, ಸಂಯುಕ್ತ ಅರಬ್ ಎಮಿರೇಟ್ಸ್‌ನದು 424. ಹಡಗುಗಳ ಜಾಲ ಬಳಸುವುದು 901. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಈ ಸಂಖ್ಯೆಯನ್ನು ಮೀಸಲಿಟ್ಟಿರುವುದು ಯಾವ ಒಂದು ದೇಶಕ್ಕೂ ಸೇರದ ಜಾಲಗಳಿಗೆ.

ನಮ್ಮ ಕಂಪನಿಗಳು ಮಾರುವ ರೋಮಿಂಗ್ ಪ್ಯಾಕ್‌ಗಳು ದೇಶಗಳ ಪಟ್ಟಿಯನ್ನು ಆಧರಿಸಿವೆ. ದುಬೈಗೆ, ಸಿಂಗಪುರಕ್ಕೆ, ಯುರೋಪಿನ ಇಷ್ಟು ದೇಶಗಳಿಗೆ ಎಂದು. ಸಿಂಗಪುರದಿಂದ ಹೊರಟ ಹಡಗಿನಲ್ಲಿ ಕುಳಿತವರು ತಾವು ಸಿಂಗಪುರದ ಪ್ಯಾಕ್‌ನ ಒಳಗಿದ್ದೇವೆ ಎಂದುಕೊಂಡಿರುತ್ತಾರೆ. ಬಿಲ್ ಹಾಕುವ ಯಂತ್ರದ ಲೆಕ್ಕದಲ್ಲಿ ಅವರು ಸಿಂಗಪುರದಲ್ಲೂ ಇಲ್ಲ, ಭಾರತದಲ್ಲೂ ಇಲ್ಲ, 901ರಲ್ಲಿದ್ದಾರೆ. ಆ ಸಂಖ್ಯೆ ಪ್ಯಾಕ್‌ನ ಪಟ್ಟಿಯಲ್ಲಿ ಇಲ್ಲದಿದ್ದರೆ ಪ್ರತಿ ಎಂಬಿಗೂ ಪ್ರತಿ ನಿಮಿಷಕ್ಕೂ ಬಿಡಿ ದರ ಬೀಳುತ್ತದೆ.

ಫೋನ್ ಮುಟ್ಟದೆ ಇದ್ದರೂ ಡೇಟಾ ಹರಿಯುತ್ತಿರುತ್ತದೆ ಎಂಬುದು ಇನ್ನೊಂದು ಕಾರಣ. ಹಗಲಿಡೀ ತೆಗೆದ 200 ಫೋಟೊಗಳು ತಲಾ 4 ಎಂಬಿಯಂತೆ 800 ಎಂಬಿ ಆಗುತ್ತವೆ. ರಾತ್ರಿ ಮಲಗಿದಾಗ ಫೋನ್ ಅವುಗಳನ್ನು ತಾನಾಗಿ ಕ್ಲೌಡ್‌ಗೆ ಏರಿಸುತ್ತದೆ. ಎಂಬಿಯೊಂದಕ್ಕೆ 100 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೂ ಬೆಳಗಾಗುವಷ್ಟರಲ್ಲಿ 80,000 ರೂಪಾಯಿ. ಹೀಗೆ ಬಿಲ್ ಬಂದವರನ್ನು ಅಜಾಗರೂಕರು ಎಂದು ದೂರುವುದು ಸುಲಭ. ಆದರೆ ಫೋನ್‌ನ ಪ್ರತಿಯೊಂದು ಸೌಲಭ್ಯವೂ ಡೇಟಾ ಅಗ್ಗ ಎಂಬ ಊಹೆಯ ಮೇಲೆ ಕಟ್ಟಿದ್ದು. ಆ ಊಹೆ ಸುಳ್ಳಾಗುವ ಜಾಗಕ್ಕೆ ಬಂದಿದ್ದೀರಿ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ಹೇಳಬೇಕಾದ ಹೊಣೆ ಹಣ ಪಡೆಯುವವರದು.

ಯುರೋಪ್ ಒಕ್ಕೂಟ ಈ ಹೊಣೆಯನ್ನು ಸ್ವಲ್ಪಮಟ್ಟಿಗೆ ಕಾನೂನಿಗೆ ತಂದಿದೆ. ಒಕ್ಕೂಟದ ದೇಶಗಳ ನಡುವೆ ಮನೆಯ ದರದಲ್ಲೇ ರೋಮಿಂಗ್ ಎಂಬ ಅದರ ಪ್ರಸಿದ್ಧ ನಿಯಮ ಹಡಗು, ವಿಮಾನಗಳ ಉಪಗ್ರಹ ಜಾಲಕ್ಕೆ ಅನ್ವಯವಾಗುವುದಿಲ್ಲ. ಆದರೆ ಅಂಥ ಜಾಲದಲ್ಲಿ ಖರ್ಚು 50 ಯೂರೊ ಅಥವಾ ಮೊದಲೇ ಗೊತ್ತುಮಾಡಿದ ಮಿತಿ ಮುಟ್ಟಿದಾಗ ಕಂಪನಿ ಸೇವೆಯನ್ನು ತಡೆಯಬೇಕು. ದರ ಇಳಿಸುವ ಕಾನೂನು ಇದಲ್ಲ, ಗ್ರಾಹಕ ಅರಿಯದೆ ಮುಳುಗುವುದನ್ನು ತಪ್ಪಿಸುವ ಕಾನೂನು. ಅಷ್ಟಾದರೂ ಎಲ್ಲ ಕಡೆ ಇರಬೇಕಾದದ್ದು.

ಆಕಾಶದ ತೊಡಕು ನೀಗಿದ್ದು ಹೇಗೆ

ಹಡಗಿನ ಇಂಟರ್ನೆಟ್ ಎಂದರೆ ದುಬಾರಿ ಮತ್ತು ನಿಧಾನ ಎಂಬ ಮಾತಿಗೆ ಕೆಲವೇ ವರ್ಷಗಳ ಹಿಂದಿನವರೆಗೆ ಭೌತಿಕ ಆಧಾರವಿತ್ತು. ಹಡಗುಗಳು ನೆಚ್ಚಿಕೊಂಡಿದ್ದುದು ಭೂಸ್ಥಿರ ಉಪಗ್ರಹಗಳನ್ನು. ಅವು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ನಿಂತಲ್ಲೇ ನಿಂತಂತೆ ಕಾಣುತ್ತವೆ. ಹಡಗಿನಿಂದ ಹೊರಟ ಸಂಕೇತ ಮೇಲೇರಿ ನೆಲಕ್ಕಿಳಿಯಲು 71,000 ಕಿಲೋಮೀಟರ್‌ಗೂ ಹೆಚ್ಚು ಸಾಗಬೇಕು. ಬೆಳಕಿನ ವೇಗದಲ್ಲೂ ಇದಕ್ಕೆ ಕಾಲು ಸೆಕೆಂಡ್ ಬೇಕು. ಉತ್ತರ ಮರಳಲು ಇನ್ನೊಂದು ಕಾಲು ಸೆಕೆಂಡ್. ‘ಊಟ ಆಯ್ತಾ’ ಎಂದು ಕೇಳಿ ಉತ್ತರಕ್ಕೆ ಕಾಯುವಾಗ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗುವ ಅವಸ್ಥೆ ಹುಟ್ಟುತ್ತಿದ್ದುದು ಈ ಅರ್ಧ ಸೆಕೆಂಡಿನಿಂದ. ಜೊತೆಗೆ, ಒಂದೇ ಉಪಗ್ರಹದ ಸಾಮರ್ಥ್ಯವನ್ನು ವಿಶಾಲ ಸಾಗರದ ಹಡಗುಗಳೆಲ್ಲ ಹಂಚಿಕೊಳ್ಳಬೇಕಿತ್ತು.

ಸ್ಟಾರ್‌ಲಿಂಕ್‌ನ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿವೆ. ದೂರ ಸರಿಸುಮಾರು ಅರವತ್ತೈದನೇ ಒಂದು ಭಾಗಕ್ಕೆ ಇಳಿದಿದ್ದರಿಂದ ವಿಳಂಬ ಗಮನಕ್ಕೇ ಬಾರದಷ್ಟಾಯಿತು. ಇಷ್ಟು ಕೆಳಗಿರುವ ಉಪಗ್ರಹ ಒಂದೆಡೆ ನಿಲ್ಲದೆ ಬೇಗ ಹಾದುಹೋಗುತ್ತದೆ. ಆದ್ದರಿಂದ ಸಾವಿರಾರು ಉಪಗ್ರಹಗಳು ಬೇಕು, ಒಂದು ಮರೆಯಾಗುವ ಮುನ್ನ ಇನ್ನೊಂದು ಸಂಪರ್ಕವನ್ನು ಕೈಗೆತ್ತಿಕೊಳ್ಳಬೇಕು. ಹಾಗೆ ಸಂಖ್ಯೆ ಹೆಚ್ಚಿದ್ದರಿಂದಲೇ ಸಾಮರ್ಥ್ಯವೂ ಹೆಚ್ಚಿತು.

ರಾಯಲ್ ಕೆರಿಬಿಯನ್ ಸಮೂಹ ತನ್ನ ಹಡಗುಗಳಿಗೆಲ್ಲ ಸ್ಟಾರ್‌ಲಿಂಕ್ ಅಳವಡಿಸುವುದಾಗಿ 2022ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಕಾರ್ನಿವಲ್ ಸಮೂಹ 2024ರಲ್ಲಿ ತನ್ನ 90ಕ್ಕೂ ಹೆಚ್ಚು ಹಡಗುಗಳಲ್ಲಿ ಈ ಕೆಲಸ ಮುಗಿಸಿತು. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದ ಸೀಸ್’ನಂಥ ಹಡಗಿನಲ್ಲಿ ಗರಿಷ್ಠ 7,600 ಪ್ರಯಾಣಿಕರು, ಸುಮಾರು 2,350 ಸಿಬ್ಬಂದಿ ಇರಬಹುದು. ನಮ್ಮ ಒಂದು ಸಣ್ಣ ಪಟ್ಟಣದಷ್ಟು ಜನ ನೀರಿನ ಮೇಲೆ ಕುಳಿತು ಒಟ್ಟಿಗೆ ಇಂಟರ್ನೆಟ್ ಬಳಸುತ್ತಾರೆ. ಭೂಸ್ಥಿರ ಉಪಗ್ರಹಗಳ ಕಾಲದಲ್ಲಿ ಇದನ್ನು ಊಹಿಸುವುದೂ ಕಷ್ಟವಿತ್ತು.

ವೇಗ ಬಂದರೂ ದರ ಇಳಿಯಲಿಲ್ಲ

ಹೀಗಿದ್ದೂ ದೊಡ್ಡ ಅಮೆರಿಕನ್ ಹಡಗುಗಳಲ್ಲಿ ವೈಫೈಗೆ ಒಂದು ಸಾಧನಕ್ಕೆ ದಿನಕ್ಕೆ ಸುಮಾರು 20 ಡಾಲರ್‌ನಿಂದ 30 ಡಾಲರ್ ದಾಟುವವರೆಗೂ ತೆರಬೇಕಾಗುತ್ತದೆ. ನಾಲ್ಕು ಜನರ ಕುಟುಂಬ ವಾರದ ಯಾನದಲ್ಲಿ ತಲಾ ಒಂದು ಫೋನ್ ಜೋಡಿಸಿದರೆ ಬಿಡಿ ದರದಲ್ಲಿ 560 ಡಾಲರ್‌ನಿಂದ ಲೆಕ್ಕ ಶುರುವಾಗುತ್ತದೆ. ಭಾರತದಲ್ಲಿ ಒಂದು ಮನೆಯ ಹಲವು ವರ್ಷಗಳ ಬ್ರಾಡ್‌ಬ್ಯಾಂಡ್ ಖರ್ಚಿಗೆ ಅದು ಸಮ.

ಕಂಪನಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಚಲಿಸುವ ಉಕ್ಕಿನ ಹಡಗಿನ ಮೇಲೆ ಆಂಟೆನಾಗಳ ಸಾಲು, ಒಳಗೆ ಸಾವಿರಾರು ಕೋಣೆಗಳಿಗೆ ಕೇಬಲ್, ಸೈಬರ್ ರಕ್ಷಣೆ, ಕೆಲವು ಸಮುದ್ರ ಪ್ರದೇಶಗಳಿಗೆ ಬದಲಿ ಉಪಗ್ರಹ ಸೇವೆ ಎಲ್ಲಕ್ಕೂ ಖರ್ಚಿದೆ. ಎಲ್ಲರಿಗೂ ಉಚಿತ ಕೊಟ್ಟರೆ ಜಾಲ ಕಟ್ಟಿಕೊಳ್ಳುತ್ತದೆ, ದರವೇ ಬಳಕೆಗೆ ಕಡಿವಾಣ ಎಂದು ಅವರು ಹೇಳುತ್ತಾರೆ. ಪ್ರಯಾಣಿಕರ ಪ್ರತಿವಾದವೂ ನೇರವಾಗಿದೆ. ಟಿಕೆಟ್ ದರವನ್ನು ಕಡಿಮೆ ತೋರಿಸಿ, ಒಳಗೆ ಹೋದ ಮೇಲೆ ಬೇರೆ ಆಯ್ಕೆಯೇ ಇಲ್ಲದ ಸೇವೆಗೆ ಹೆಚ್ಚು ವಸೂಲು ಮಾಡುವ ಕ್ರಮ ಇದು. ಪ್ರಯಾಣಿಕರು ತಮ್ಮದೇ ಉಪಗ್ರಹ ಆಂಟೆನಾ, ರೂಟರ್‌ಗಳನ್ನು ತರಬಾರದೆಂದು ಹಲವು ಹಡಗು ಕಂಪನಿಗಳು ನಿಷೇಧಿಸಿವೆ. ಹಡಗಿನ ರೇಡಿಯೊ ಉಪಕರಣಗಳಿಗೆ ಅಡ್ಡಿಯಾಗಬಾರದು ಎಂಬುದು ಒಪ್ಪತಕ್ಕ ಕಾರಣ. ಅದರ ಫಲವಾಗಿ ಹಡಗಿನೊಳಗೆ ಮಾರುವವನು ಒಬ್ಬನೇ ಉಳಿಯುತ್ತಾನೆ ಎಂಬುದೂ ಅಷ್ಟೇ ನಿಜ.

ಈ ವ್ಯವಸ್ಥೆಗೆ ಇತಿಹಾಸವೂ ಇದೆ. ಹಡಗಿನ ಸಂಪರ್ಕ ಹುಟ್ಟಿನಿಂದಲೇ ವ್ಯಾಪಾರದ ಸರಕಾಗಿತ್ತು. 1912ರಲ್ಲಿ ಟೈಟಾನಿಕ್‌ನಲ್ಲಿದ್ದ ಇಬ್ಬರು ವೈರ್‌ಲೆಸ್ ಕೆಲಸಗಾರರು ಮಾರ್ಕೋನಿ ಕಂಪನಿಯ ನೌಕರರು. ಸಿರಿವಂತ ಪ್ರಯಾಣಿಕರ ಖಾಸಗಿ ತಂತಿ ಸಂದೇಶಗಳನ್ನು ಹಣ ಪಡೆದು ದಡಕ್ಕೆ ಕಳುಹಿಸುವುದು ಅವರ ಮುಖ್ಯ ಕೆಲಸವಾಗಿತ್ತು. ದುರಂತದ ರಾತ್ರಿ ಹತ್ತಿರದ ‘ಕ್ಯಾಲಿಫೋರ್ನಿಯನ್’ ಹಡಗು ಮಂಜುಗಡ್ಡೆಯ ಎಚ್ಚರಿಕೆ ಕೊಡಲು ಬಂದಾಗ, ದಡದ ಕೇಪ್ ರೇಸ್ ವೈರ್‌ಲೆಸ್ ಕೇಂದ್ರಕ್ಕೆ ಆ ಖಾಸಗಿ ಸಂದೇಶಗಳನ್ನು ಕಳುಹಿಸುತ್ತಿದ್ದ ಟೈಟಾನಿಕ್‌ನ ಕೆಲಸಗಾರ ಅದನ್ನು ಅರ್ಧಕ್ಕೇ ತಡೆದ. ಆ ದುರಂತದ ನಂತರ ಸುರಕ್ಷತೆಯ ಸಂದೇಶಗಳಿಗೆ ಪ್ರತ್ಯೇಕ, ಕಡ್ಡಾಯ ವ್ಯವಸ್ಥೆ ಬೆಳೆಯಿತು. ಖಾಸಗಿ ಮಾತು ಮಾತ್ರ ವ್ಯಾಪಾರದ ಕೈಯಲ್ಲೇ ಉಳಿಯಿತು. ಕ್ಷೇಮವಾಗಿದ್ದೇನೆ ಎಂದು ಮನೆಗೆ ತಿಳಿಸುವುದು ಅಗತ್ಯದ ಪಟ್ಟಿಗೆ ಸೇರಬೇಕೆಂದು ಯಾವ ಕಾನೂನೂ ಹೇಳದೆ ನೂರು ವರ್ಷ ಕಳೆಯಿತು.

ಭಾರತದ ನೀರಿನಲ್ಲಿ ಭದ್ರತೆಯ ಪ್ರಶ್ನೆ

ಭಾರತದ ಕಡಲಿಗೆ ಬಂದರೆ ವಿಷಯಕ್ಕೆ ಇನ್ನೊಂದು ಪದರ ಸೇರುತ್ತದೆ. 2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಸಮುದ್ರದ ದಾರಿಯಲ್ಲಿ ಬಂದರು. ಅವರು ಅಪಹರಿಸಿದ್ದ ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯಲ್ಲಿ ತುರಾಯಾ ಉಪಗ್ರಹ ಫೋನ್ ಸಿಕ್ಕಿತ್ತು. ಉಪಗ್ರಹ ಸಂಪರ್ಕವನ್ನು ನಮ್ಮ ಸರ್ಕಾರ ನೋಡುವ ದೃಷ್ಟಿಯ ಹಿಂದೆ ಆ ನೆನಪಿದೆ. ತುರಾಯಾ, ಇರಿಡಿಯಂ ಫೋನ್‌ಗಳ ಬಳಕೆ ಭಾರತದಲ್ಲಿ ಅಕ್ರಮ, ಬೇರೆ ಉಪಗ್ರಹ ಫೋನ್‌ಗಳಿಗೂ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಬೆಟ್ಟ ಹತ್ತುವವರು ಬಳಸುವ ಪುಟ್ಟ ಉಪಗ್ರಹ ಸಂದೇಶ ಸಾಧನ ಜೇಬಿನಲ್ಲಿದ್ದ ಕಾರಣಕ್ಕೆ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೊಳಗಾದ ಪ್ರಕರಣಗಳಿವೆ.

ಹಡಗು ಮತ್ತು ವಿಮಾನಗಳಲ್ಲಿ ಪ್ರಯಾಣಿಕರಿಗೆ ಸಂಪರ್ಕ ಒದಗಿಸಲು 2018ರ ಡಿಸೆಂಬರ್‌ನಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. ಅದರ ತಿರುಳು ಇಷ್ಟು: ಭಾರತದ ನೀರಿನಲ್ಲಿ ಸೇವೆ ಕೊಡುವವರು ಇಲ್ಲಿಯ ಪರವಾನಗಿ ಪಡೆದಿರಬೇಕು, ಉಪಗ್ರಹದಿಂದ ಬರುವ ಸಂಪರ್ಕ ಭಾರತದ ನೆಲದಲ್ಲಿರುವ ಗೇಟ್‌ವೇ, ಅಂದರೆ ಉಪಗ್ರಹವನ್ನು ನೆಲದ ಜಾಲಕ್ಕೆ ಜೋಡಿಸುವ ಕೇಂದ್ರದ ಮೂಲಕವೇ ಹಾದುಹೋಗಬೇಕು. ಟಾಟಾ ಸಮೂಹದ ನೆಲ್ಕೊ 2019ರಲ್ಲಿ ಇದರಡಿ ಹಡಗುಗಳಿಗೆ ಸೇವೆ ಆರಂಭಿಸಿತು. ಆಳಸಮುದ್ರದಲ್ಲಿ ಚೆನ್ನಾಗಿ ಓಡುತ್ತಿದ್ದ ವೈಫೈ ನಮ್ಮ ಬಂದರಿನ ಹತ್ತಿರ ಬಂದಾಗ ಬೇರೆ ಜಾಲಕ್ಕೆ ಬದಲಾಗುವುದು ಅಥವಾ ನಿಂತುಹೋಗುವುದು ಈ ನಿಯಮಗಳ ಪರಿಣಾಮ.

ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದು 2025ರ ಜೂನ್‌ನಲ್ಲಿ. ಪರವಾನಗಿ ಎಂದರೆ ಮರುದಿನದಿಂದ ಸೇವೆ ಎಂದರ್ಥವಲ್ಲ. ತರಂಗಾಂತರದ ಹಂಚಿಕೆ, ಗೇಟ್‌ವೇಗಳ ಸ್ಥಾಪನೆ, ಭದ್ರತಾ ಸಂಸ್ಥೆಗಳ ಪರೀಕ್ಷೆ ಬೇರೆ ಬೇರೆ ಹಂತಗಳು. ಅದಕ್ಕೂ ಒಂದು ತಿಂಗಳ ಮುನ್ನ, 2025ರ ಮೇನಲ್ಲಿ, ಸರ್ಕಾರ ಉಪಗ್ರಹ ಸೇವೆಗಳಿಗೆ ಹೊಸ ಭದ್ರತಾ ಷರತ್ತುಗಳನ್ನು ವಿಧಿಸಿತು. ಭೂಗಡಿಯಿಂದ 50 ಕಿಲೋಮೀಟರ್ ಒಳಗಿನ ಪ್ರದೇಶದ ಜೊತೆಗೆ ಕರಾವಳಿಯ 200 ನಾಟಿಕಲ್ ಮೈಲಿನ ವಿಶೇಷ ಆರ್ಥಿಕ ವಲಯವನ್ನೂ ವಿಶೇಷ ನಿಗಾ ವಲಯವೆಂದು ಅದರಲ್ಲಿ ಸೇರಿಸಲಾಗಿದೆ. 2024ರ ನವೆಂಬರ್‌ನಲ್ಲಿ ಅಂಡಮಾನ್ ಬಳಿ ಐದು ಸಾವಿರ ಕಿಲೋಗೂ ಹೆಚ್ಚು ಮಾದಕವಸ್ತು ಸಾಗಿಸುತ್ತಿದ್ದ ದೋಣಿಯಲ್ಲಿ ಸ್ಟಾರ್‌ಲಿಂಕ್ ಸಾಧನ ಪತ್ತೆಯಾಗಿತ್ತು ಎಂಬುದನ್ನು ನೆನೆದರೆ ಈ ಎಚ್ಚರ ಅರ್ಥವಾಗುತ್ತದೆ.

ಭದ್ರತೆಯ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಆದರೆ ಅದು ಪರವಾನಗಿ ಪಡೆದ ಹಡಗಿನ ಜಾಲಕ್ಕೂ ಕಳ್ಳಸಾಗಣೆಯ ದೋಣಿಗೂ ಒಂದೇ ಅಳತೆಗೋಲು ಹಿಡಿಯುವಂತೆ ಮಾಡಬಾರದು. ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪಗಳ ನಡುವೆ ದೇಶದೊಳಗಿನ ಕ್ರೂಸ್ ಯಾನಗಳು ಈಗ ನಡೆಯುತ್ತಿವೆ. 2024ರ ಸೆಪ್ಟೆಂಬರ್‌ನಲ್ಲಿ ‘ಕ್ರೂಸ್ ಭಾರತ್’ ಯೋಜನೆಗೆ ಚಾಲನೆ ಸಿಕ್ಕಿದೆ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ 2024ರ ಜನವರಿಯಲ್ಲಿ ಲೋಕಾರ್ಪಣೆಯಾಗಿ, ದ್ವೀಪದ ದಡದಲ್ಲಿ ಸಂಪರ್ಕ ಸುಧಾರಿಸಿದೆ. ದ್ವೀಪಕ್ಕೂ ಕರಾವಳಿಗೂ ನಡುವಿನ ನೀರಿನಲ್ಲಿ ಮಾತ್ರ ಪ್ರಯಾಣಿಕ ಇಂದಿಗೂ ಹಡಗಿನ ಜಾಲವನ್ನೇ ನೆಚ್ಚಬೇಕು.

ಗಲ್ಫ್‌ನ ಯಾನಗಳಲ್ಲಿ ಇದಕ್ಕೆ ತಿರುವುಮುರುವಾದ ಅನುಭವವಾಗುತ್ತದೆ. ದುಬೈ ಬಂದರಿನಲ್ಲಿ ಇಳಿದು ಸ್ಥಳೀಯ ಸಿಮ್ ಹಾಕಿಕೊಂಡವರಿಗೆ ಅಗ್ಗದ ಡೇಟಾ ಸಿಗುತ್ತದೆ, ಆದರೆ ವಾಟ್ಸ್‌ಆ್ಯಪ್ ಕರೆಗೆ ಅಲ್ಲಿಯ ಕಾನೂನಿನ ತಡೆಯಿದೆ. ಗಲ್ಫ್‌ನಲ್ಲಿ ದುಡಿಯುವ ಕನ್ನಡಿಗರಿಗೆ ಇದು ಹಳೆಯ ವಿಷಯ. ಮೊದಲ ಸಲ ಹೋಗುವ ಪ್ರವಾಸಿಗರು ಫೋನ್ ಕೆಟ್ಟಿತೆಂದೇ ಭಾವಿಸುತ್ತಾರೆ.

ಕೆಳಗಿನ ಡೆಕ್‌ನವರು

ಇಲ್ಲಿಯವರೆಗಿನ ಮಾತು ಹೆಚ್ಚಾಗಿ ಪ್ರಯಾಣಿಕರದು. ಅವರ ಯಾನ ವಾರದಲ್ಲಿ ಮುಗಿಯುತ್ತದೆ. ಅವರಿಗೆ ಊಟ ಬಡಿಸುವ, ಹಾಸಿಗೆ ಸರಿಪಡಿಸುವ, ಎಂಜಿನ್ ಕೋಣೆಯಲ್ಲಿ ದುಡಿಯುವ ಸಿಬ್ಬಂದಿ ಒಂದು ಕಾಂಟ್ರ್ಯಾಕ್ಟ್‌ಗೆ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಹಡಗಿನಲ್ಲಿರುತ್ತಾರೆ. ನಮ್ಮ ಕರಾವಳಿಯಲ್ಲಿ ‘ಶಿಪ್‌ಗೆ ಹೋಗಿದ್ದಾನೆ’ ಎಂಬ ಮಾತು ಕೇಳದ ಊರು ಕಡಿಮೆ. ಜಗತ್ತಿನ ನಾವಿಕರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಭಾರತೀಯರದು. ಸೈನ್ ಆನ್ ಆಗಿ ಹಡಗು ಹತ್ತಿದ ದಿನದಿಂದ ಸೈನ್ ಆಫ್ ಆಗಿ ಇಳಿಯುವವರೆಗೆ ಆ ಮನೆಗಳಲ್ಲಿ ಹುಟ್ಟು, ಸಾವು, ಮಕ್ಕಳ ಪರೀಕ್ಷೆ, ಹಿರಿಯರ ಆಸ್ಪತ್ರೆ ಎಲ್ಲವೂ ಫೋನ್ ಮೂಲಕವೇ ಹಂಚಿಕೆಯಾಗಬೇಕು.

ಹಡಗಿನಲ್ಲಿರುವವರಿಗೆ ಸಂಪರ್ಕ ಎಂದರೇನು ಎಂಬುದನ್ನು 2020ರ ಫೆಬ್ರುವರಿ ತೋರಿಸಿತು. ಜಪಾನಿನ ಯೊಕೊಹಾಮಾದಲ್ಲಿ ತಡೆಹಿಡಿದ ‘ಡೈಮಂಡ್ ಪ್ರಿನ್ಸೆಸ್’ ಹಡಗಿನಲ್ಲಿ 3,711 ಜನರಿದ್ದರು. ಅವರಲ್ಲಿ 138 ಭಾರತೀಯರು, ಬಹುಪಾಲು ಸಿಬ್ಬಂದಿ. 700ಕ್ಕೂ ಹೆಚ್ಚು ಮಂದಿಗೆ ಕೋವಿಡ್ ತಗುಲಿತು. ಕೋಣೆಗಳಲ್ಲಿ ಬಂದಿಯಾದವರು ವೈದ್ಯರನ್ನು ಸಂಪರ್ಕಿಸಲೆಂದು ಜಪಾನ್ ಸರ್ಕಾರ 2,000 ಫೋನ್‌ಗಳನ್ನು ಹಡಗಿನೊಳಗೆ ಹಂಚಿತು. ಭಾರತೀಯ ಸಿಬ್ಬಂದಿಯ ಸಂಕಟ ದೇಶಕ್ಕೆ ಮುಟ್ಟಿದ್ದು ಅವರಲ್ಲಿ ಕೆಲವರು ಹಡಗಿನಿಂದ ಹಾಕಿದ ವಿಡಿಯೊಗಳ ಮೂಲಕ. ವಿಮಾನದಲ್ಲಿ ಅವರನ್ನು ಕರೆತಂದದ್ದು ಆ ಬಳಿಕ. ಅದೇ ವರ್ಷ ತಿಂಗಳುಗಟ್ಟಲೆ ಲಕ್ಷಾಂತರ ನಾವಿಕರು ಊರಿಗೆ ಮರಳಲಾಗದೆ ಹಡಗುಗಳಲ್ಲೇ ಉಳಿದರು. ಮನೆಯವರೊಂದಿಗಿನ ಮಾತು ಸೌಕರ್ಯವಲ್ಲ, ಕೆಲಸದ ಮೂಲಭೂತ ಷರತ್ತು ಎಂಬ ಬೇಡಿಕೆ ಬಲಗೊಂಡಿದ್ದು ಆ ಅನುಭವದಿಂದ.

ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮುದ್ರ ಕಾರ್ಮಿಕ ಒಡಂಬಡಿಕೆ 2006ರದು, ಭಾರತ ಅದನ್ನು 2015ರಲ್ಲಿ ಒಪ್ಪಿಕೊಂಡಿತು. 2022ರಲ್ಲಿ ಅಂಗೀಕಾರವಾದ ತಿದ್ದುಪಡಿಗಳೇ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದವು. ಸುದ್ದಿಗಳಲ್ಲಿ ಇದು ‘ನಾವಿಕರಿಗೆ ಇಂಟರ್ನೆಟ್ ಹಕ್ಕು’ ಎಂದು ಬಂತು. ನಿಜವಾದ ಒಕ್ಕಣೆಯನ್ನು ನಿಧಾನವಾಗಿ ಓದಬೇಕು. ಒಡಂಬಡಿಕೆಯಲ್ಲಿ ಎರಡು ಬಗೆಯ ಅಂಶಗಳಿವೆ: ಪಾಲಿಸಲೇಬೇಕಾದ ಮಾನದಂಡಗಳು, ಕಡ್ಡಾಯವಲ್ಲದ ಮಾರ್ಗಸೂಚಿಗಳು. ಹಡಗಿನ ಮನರಂಜನೆ ಮತ್ತು ಕ್ಷೇಮದ ಸೌಲಭ್ಯಗಳಲ್ಲಿ ‘ಸಾಮಾಜಿಕ ಸಂಪರ್ಕ’ವೂ ಸೇರಿರಬೇಕು ಎಂಬುದು ಮಾನದಂಡಕ್ಕೆ ಸೇರಿತು. ಇಂಟರ್ನೆಟ್ ಎಂಬ ಮಾತು ಬರುವುದು ಮಾರ್ಗಸೂಚಿಯಲ್ಲಿ. ಅದೂ, ಕಾರ್ಯಸಾಧ್ಯವಿರುವಷ್ಟು ಮಟ್ಟಿಗೆ ಒದಗಿಸಬೇಕು, ಶುಲ್ಕ ವಿಧಿಸಿದರೆ ಅದು ಹಿತಮಿತವಾಗಿರಬೇಕು ಎಂದು.

ಈ ಒಕ್ಕಣೆ ರಾಜಿಯ ಫಲ. ನಾವಿಕರ ಸಂಘಟನೆಗಳು ಕಡ್ಡಾಯ ಹಕ್ಕನ್ನು ಬಯಸಿದ್ದವು. ಮಾಲೀಕರು ಶುಲ್ಕ ವಿಧಿಸುವ ಅವಕಾಶ ತಮಗೆ ಉಳಿಯಬೇಕೆಂದರು. ಬಿಡುವಿನ ವೇಳೆಯೆಲ್ಲ ಪರದೆಯ ಮುಂದೆ ಕಳೆದರೆ ನಿದ್ದೆ ಕಡಿಮೆಯಾಗುತ್ತದೆ, ಸಹೋದ್ಯೋಗಿಗಳ ಜೊತೆ ಬೆರೆಯುವುದು ತಪ್ಪುತ್ತದೆ ಎಂಬ ಆತಂಕವನ್ನೂ ಮಾಲೀಕರ ಕಡೆಯವರು ಮುಂದಿಡುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ವಿಶ್ರಾಂತಿಯ ಕೊರತೆಗೆ ಮದ್ದು ಕೆಲಸದ ಗಂಟೆಗಳ ಪಾಲನೆಯಲ್ಲಿದೆಯೇ ಹೊರತು ಮನೆಯ ಫೋನ್ ಕಸಿಯುವುದರಲ್ಲಿ ಅಲ್ಲ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ, ಊರಿನಲ್ಲಿ ಮಗು ಶಾಲೆಗೆ ಹೊರಡುವ ಹತ್ತು ನಿಮಿಷವೇ ಆ ದಿನದ ಏಕೈಕ ಅವಕಾಶವಾಗಿರಬಹುದು.

ಹಕ್ಕು ಸಿಕ್ಕಿದೆ ಎಂಬ ಸುದ್ದಿಯೂ ಇನ್ನೂ ದುಡ್ಡು ಕಟ್ಟುತ್ತಿದ್ದೇನೆ ಎಂಬ ನಾವಿಕನ ಮಾತೂ ಏಕಕಾಲಕ್ಕೆ ನಿಜವಾಗುವುದು ಇದೇ ಕಾರಣಕ್ಕೆ. ‘ಹಿತಮಿತ’ ಎಂದರೆ ಎಷ್ಟು ಎಂಬುದನ್ನು ಒಡಂಬಡಿಕೆ ಹೇಳಿಲ್ಲ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ ಅದನ್ನು ತೀರ್ಮಾನಿಸಬೇಕು. ದೊಡ್ಡ ಪ್ರವಾಸಿ ಹಡಗುಗಳಲ್ಲಿ ಬಹಳಷ್ಟು ನೋಂದಣಿಯಾಗಿರುವುದು ಬಹಾಮಾಸ್, ಪನಾಮ, ಬರ್ಮುಡಾ, ಮಾಲ್ಟಾಗಳಲ್ಲಿ.

ಹಣದ ವ್ಯವಹಾರದಲ್ಲೂ ಒಂದು ತೊಡಕಿದೆ. ದುಬಾರಿ ರೋಮಿಂಗ್‌ಗೆ ಹೆದರಿ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಟ್ಟು ವೈಫೈ ಮಾತ್ರ ಬಳಸಿದರೆ, ಭಾರತದ ಬ್ಯಾಂಕ್ ಕಳುಹಿಸುವ ಒಟಿಪಿ ಸಂದೇಶ ಸಾಮಾನ್ಯವಾಗಿ ಬರುವುದಿಲ್ಲ. ಮನೆಗೆ ಹಣ ಕಳುಹಿಸುವ ದಿನವೇ ಸಂಪರ್ಕ ಕೈಕೊಡುತ್ತದೆ. ಡೇಟಾ ರೋಮಿಂಗ್ ಒಂದನ್ನೇ ಮುಚ್ಚಿ, ಕರೆ ಸ್ವೀಕರಿಸದೆ, ಸಂದೇಶಕ್ಕಷ್ಟೇ ಫೋನನ್ನು ತೆರೆದಿಡುವುದು ಬಳಕೆಯಲ್ಲಿರುವ ಉಪಾಯ. ಪ್ರಯಾಣಿಕರಿಗೂ ಇದು ಅನ್ವಯಿಸುತ್ತದೆ. ಹೊರಡುವ ಮುನ್ನ ಒಳಬರುವ ಎಸ್‌ಎಂಎಸ್‌ಗೆ ಶುಲ್ಕವಿದೆಯೇ, ಹಡಗಿನ ಜಾಲ ಪ್ಯಾಕ್‌ನಲ್ಲಿ ಹೆಸರಿಸಲ್ಪಟ್ಟಿದೆಯೇ ಎಂದು ಕಂಪನಿಯಿಂದ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಸಿಗ್ನಲ್ ಹುಡುಕುತ್ತ ಬಂಡೆಗೆ

ಸಿಬ್ಬಂದಿಯ ಫೋನ್ ಖಾಸಗಿ ವಿಷಯ, ಅದಕ್ಕೂ ಸಾರ್ವಜನಿಕ ಹಿತಕ್ಕೂ ಏನು ಸಂಬಂಧ ಎಂದು ಕೇಳುವವರು ‘ವಕಾಶಿಯೊ’ ಪ್ರಕರಣವನ್ನು ನೋಡಬೇಕು. ಇದು ಪ್ರವಾಸಿ ಹಡಗಲ್ಲ, ಜಪಾನಿ ಒಡೆತನದ ಸರಕು ಹಡಗು, ಅದರ ಕ್ಯಾಪ್ಟನ್ ಭಾರತೀಯ. 2020ರ ಜುಲೈ 25ರಂದು ಮಾರಿಷಸ್‌ನ ಹವಳದ ದಂಡೆಗೆ ಅದು ಬಡಿಯಿತು. ಸುಮಾರು ಸಾವಿರ ಟನ್ ತೈಲ ಸೋರಿ, ಅಲ್ಲಿಯ ಮೀನುಗಾರರ ಬದುಕಿಗೂ ಜೌಗು ಕಾಡುಗಳಿಗೂ ದೊಡ್ಡ ಪೆಟ್ಟು ಬಿತ್ತು.

ಹಡಗನ್ನು ಬಾಡಿಗೆಗೆ ನಡೆಸುತ್ತಿದ್ದ ಮಿತ್ಸುಯಿ ಒ.ಎಸ್.ಕೆ. ಲೈನ್ಸ್ ಕಂಪನಿ ಅದೇ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವಿವರಣೆ ಹೀಗಿದೆ. ಮಾರಿಷಸ್‌ನಿಂದ 22 ನಾಟಿಕಲ್ ಮೈಲು ದೂರದಲ್ಲಿ ಹೋಗಬೇಕಿದ್ದ ಹಡಗಿನ ಮಾರ್ಗವನ್ನು 5 ಮೈಲಿಗೆ ಬದಲಿಸಲಾಯಿತು. ಬಳಿಕ ಮೊಬೈಲ್ ಸಿಗ್ನಲ್ ಸಿಗುವ ವ್ಯಾಪ್ತಿಗೆ ಬರಲೆಂದು ಇನ್ನೂ ಹತ್ತಿರ, 2 ಮೈಲಿಗೆ ಒಯ್ಯಲು ಹೊರಟರು. ಬಳಸಿದ ನಕ್ಷೆಯಲ್ಲಿ ಆಳದ ಸೂಕ್ಷ್ಮ ವಿವರಗಳಿರಲಿಲ್ಲ, ಕಾವಲೂ ಸಡಿಲವಾಗಿತ್ತು. ದಡದಿಂದ ಒಂದು ಮೈಲಿಗೂ ಕಡಿಮೆ ದೂರದಲ್ಲಿ ಹಡಗು ನೆಲ ಕಚ್ಚಿತು.

ತಪ್ಪು ಹಡಗು ನಡೆಸಿದವರದು, ಅದರಲ್ಲಿ ಅನುಮಾನವಿಲ್ಲ. ಕ್ಯಾಪ್ಟನ್‌ಗೆ ಮಾರಿಷಸ್ ನ್ಯಾಯಾಲಯ ಜೈಲು ಶಿಕ್ಷೆಯನ್ನೂ ವಿಧಿಸಿತು. ಆದರೆ ತಪ್ಪಿನ ಹಿಂದಿನ ಪ್ರೇರಣೆಯನ್ನು ಗಮನಿಸಿ: ದಡದ ಟವರ್ ಹುಡುಕಿಕೊಂಡು ಹೋಗಬೇಕಾದ ಸ್ಥಿತಿ. ಕೆಲವು ಡಾಲರ್‌ಗಳ ಡೇಟಾವನ್ನು ಉಳಿಸಿದ್ದಕ್ಕೂ ಒಂದು ದ್ವೀಪದ ಕರಾವಳಿ ಕಪ್ಪಾಗಿದ್ದಕ್ಕೂ ನಡುವೆ ಎಷ್ಟು ಕಡಿಮೆ ಕೊಂಡಿಗಳಿವೆ ಎಂಬುದು ಇಲ್ಲಿ ಕಾಣುತ್ತದೆ. ಆ ಘಟನೆಯ ನಂತರ ಕಂಪನಿ ಕೈಗೊಂಡ ಸುಧಾರಣೆಗಳಲ್ಲಿ ಹಡಗುಗಳ ಸಂಪರ್ಕ ಸೌಲಭ್ಯ ಹೆಚ್ಚಿಸುವುದೂ ಸೇರಿತ್ತು.

ಇನ್ನು ಮುಂದೆ

ತಂತ್ರಜ್ಞಾನ ಇಲ್ಲಿಗೆ ನಿಲ್ಲುವುದಿಲ್ಲ. ಆಂಟೆನಾ, ವೈಫೈಗಳ ಹಂಗಿಲ್ಲದೆ ಸಾಮಾನ್ಯ ಮೊಬೈಲ್ ಫೋನೇ ನೇರವಾಗಿ ಉಪಗ್ರಹಕ್ಕೆ ಸಂದೇಶ ಕಳುಹಿಸುವ ಸೇವೆ ಅಮೆರಿಕದಲ್ಲಿ 2025ರ ಜುಲೈನಲ್ಲಿ ವಾಣಿಜ್ಯವಾಗಿ ಆರಂಭವಾಗಿದೆ. ಅದು ಸಮುದ್ರಕ್ಕೆ ವಿಸ್ತರಿಸಿದರೆ ಹಡಗಿನ ಏಕಸ್ವಾಮ್ಯ ತಾನಾಗಿ ಸಡಿಲವಾಗಬಹುದು. ಆಗ ಪರದೆಯ ಮೇಲೆ ಮೂರರ ಜೊತೆಗೆ ನಾಲ್ಕನೆಯ ಜಾಲ ಬರುತ್ತದೆ. ಯಾವುದರಲ್ಲಿದ್ದೇವೆ, ಎಷ್ಟು ತೆರುತ್ತಿದ್ದೇವೆ ಎಂಬ ಗೊಂದಲವೂ ಅದರೊಂದಿಗೆ ಬೆಳೆಯುತ್ತದೆ. ದರ ತಿಳಿಸದೆ ಜೋಡಿಸಬಾರದು ಎಂಬ ನಿಯಮವನ್ನು ಈಗಲೇ ತಾರದಿದ್ದರೆ ಇಂದಿನ ಬಿಲ್‌ಗಳ ಕಥೆ ಹೊಸ ಹೆಸರಿನಲ್ಲಿ ಮುಂದುವರಿಯುತ್ತದೆ.

ಭಾರತ ಮಾಡಬಹುದಾದದ್ದು ಇದೆ. ಹಡಗಿನ ಜಾಲಕ್ಕೆ ಫೋನ್ ಸೇರುವ ಮುನ್ನ ಗ್ರಾಹಕನ ಪ್ರತ್ಯೇಕ ಒಪ್ಪಿಗೆ ಬೇಕು, ಖರ್ಚಿಗೆ ಮಿತಿ ಇರಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ವಿಧಿಸಬಹುದು. ಅದಕ್ಕೆ ಸಮುದ್ರದ ಮೇಲೆ ಅಧಿಕಾರ ಬೇಕಿಲ್ಲ. ಬಿಲ್ ಕಳುಹಿಸುವ ಕಂಪನಿ ಇಲ್ಲಿಯದೇ. ನಾವಿಕರನ್ನು ನೇಮಿಸಿಕೊಡುವ ಏಜೆನ್ಸಿಗಳಿಗೆ ಹಡಗು ಸಾರಿಗೆ ಮಹಾನಿರ್ದೇಶನಾಲಯ ಪರವಾನಗಿ ಕೊಡುತ್ತದೆ. ತಿಂಗಳಿಗೆ ಎಷ್ಟು ಡೇಟಾ ಉಚಿತ, ಮಿಕ್ಕಿದ್ದಕ್ಕೆ ಎಷ್ಟು ದರ ಎಂಬುದು ಕಾಂಟ್ರ್ಯಾಕ್ಟ್‌ನಲ್ಲಿ ಬರೆದಿರಬೇಕೆಂದು ಆ ಪರವಾನಗಿಯ ಷರತ್ತಿನಲ್ಲೇ ಸೇರಿಸಬಹುದು. ಸಂಬಳ, ರಜೆ ನೋಡಿ ಸಹಿ ಹಾಕುವ ಮಂಗಳೂರಿನ, ಉಡುಪಿಯ ಯುವಕರು ಈ ಸಾಲನ್ನೂ ಕೇಳಿ ಓದುವಂತಾಗಬೇಕು.

ಬಂದರುಗಳ ಪಾಲೂ ಇದೆ. ತಮ್ಮ ಬಂದರಿಗೆ, ಲಂಗರು ಹಾಕುವ ಜಾಗಕ್ಕೆ ಬರುವ ನಾವಿಕರಿಗೂ ಇಂಟರ್ನೆಟ್ ಒದಗಿಸಬೇಕೆಂದು ಅದೇ 2022ರ ತಿದ್ದುಪಡಿಯ ಮಾರ್ಗಸೂಚಿ ದೇಶಗಳಿಗೆ ಹೇಳಿದೆ. ಕ್ರೂಸ್ ಋತುವಿನಲ್ಲಿ ನವಮಂಗಳೂರು ಬಂದರಿಗೆ ಹಡಗುಗಳು ಬೆಳಗ್ಗೆ ಬಂದು ಸಂಜೆಗೆ ಹೊರಡುತ್ತವೆ. ಪ್ರಯಾಣಿಕರು ಬಸ್ ಹತ್ತಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ನೋಡಲು ಹೋಗುತ್ತಾರೆ. ಆ ಕೆಲವು ಗಂಟೆಗಳಲ್ಲಿ ಸಿಬ್ಬಂದಿಗೆ ಸಿಗುವ ಬಿಡುವು ಬಹಳ ಸಣ್ಣದು, ಭಾರತದ ಸಿಮ್ ಕೊಳ್ಳಲು ಅವರ ಬಳಿ ದಾಖಲೆಯೂ ಇರುವುದಿಲ್ಲ, ವೇಳೆಯೂ ಇರುವುದಿಲ್ಲ. ಹಡಗು ನಿಲ್ಲುವ ಬರ್ತ್‌ನವರೆಗೂ ತಲುಪುವ ಒಂದು ಉಚಿತ ವೈಫೈ ಇದ್ದರೆ, ಫಿಲಿಪೀನ್ಸ್‌ನದೋ ಇಂಡೊನೇಷ್ಯಾದ್ದೋ ಅಡುಗೆಯವರು ಅಲ್ಲಿಂದಲೇ ಮನೆಗೆ ಮಾತಾಡಿ ಮತ್ತೆ ಹಡಗಿನ ಗ್ಯಾಂಗ್‌ವೇ ಮೆಟ್ಟಿಲು ಹತ್ತಬಹುದು.